ಉಪ್ಪನ ದೋಣಿ ಆಟ

ಗುರುವಾಯನಕೆರೆ
14 ನವೆಂಬರ್ 2024, ಗುರುವಾರ

ಪ್ರೀತಿಯ ಅಝೀಮ್ ಕಾಕ,

ಅಸ್ಸಲಾಮು ಅಲೈಕುಂ. ನಿನ್ನ ಬೆನ್ನುನೋವು ಹೇಗಿದೆ? ನೀರಿನ ಕ್ಯಾನು ಎತ್ತುವ ಕೆಲಸವನ್ನು ಅಂಗಡಿಗೆ ಹೊಸದಾಗಿ ಬಂದ ನೇಪಾಳದವನಿಗೆ ಬಿಟ್ಟಿದ್ದೇನೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದ್ದಿ. ಹೇಳುವಾಗ ನಿನ್ನ ಮುಖ ಮಾತ್ರ ಚಿಕ್ಕಂದಿನಲ್ಲಿ ಮದ್ರಸಕ್ಕೆ ಹೋಗಿ ಬಂದೆ ಎಂದು ಸುಳ್ಳು ಹೇಳುವಾಗ ಇರುತ್ತಿದ್ದ ಮುಖದ ಹಾಗೆಯೇ ಇತ್ತು. ರಾತ್ರಿ ಬರೀ ಕುಬೂಸ್ ರೊಟ್ಟಿ ಮತ್ತು ಚಹಾದಲ್ಲಿ ಊಟ ಮುಗಿಸಬೇಡ. ರಕ್ತದೊತ್ತಡ ಪರೀಕ್ಷೆ ಮಾಡಿಸಿಕೊಂಡೆಯಾ? ಇಲ್ಲ ಎಂದು ನನಗೆ ಗೊತ್ತು. ಉಪ್ಪನಿಗೆ ಆದದ್ದು ಮಕ್ಕಳಾದ ನಮಗೂ ಆಗಬಹುದು ಎಂದು ಆಸ್ಪತ್ರೆಯಲ್ಲಿ ಹಂಚುವ ಕರಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನಗಬೇಡ. "ಕರಪತ್ರದಲ್ಲಿ ಬಂದದ್ದೆಲ್ಲ ಫಾಯಿಝಾಳಿಗೆ ಫತ್ವಾ" ಎಂದು ನೀನು ನನ್ನನ್ನು ಹಂಗಿಸುವುದು ನೆನಪಿದೆ. ಆದರೂ ಪರೀಕ್ಷೆ ಮಾಡಿಸು.

ದಿನಾ ವಿಡಿಯೋದಲ್ಲಿ ಮುಖ ತೋರಿಸುವವಳು ಪತ್ರ ಯಾಕೆ ಬರೆಯುತ್ತಿದ್ದಾಳೆ ಎಂದು ನಿನಗೆ ಆಶ್ಚರ್ಯವಾಗಬಹುದು. ವಿಡಿಯೋದಲ್ಲಿ ನನ್ನ ಒಂದು ಬದಿ ಉಪ್ಪ, ಇನ್ನೊಂದು ಬದಿ ಉಮ್ಮ ಕುಳಿತಿರುತ್ತಾರೆ. ವಾಯ್ಸ್ ಕಳಿಸಿದರೆ ನಿನ್ನ ಉತ್ತರವನ್ನು ಉಮ್ಮ ಸ್ಪೀಕರಿಗೆ ಹಾಕಿ ಬಾವಿಕಟ್ಟೆಯ ತನಕ ಕೇಳಿಸುತ್ತಾಳೆ. ಟೈಪ್ ಮಾಡಿ ಕಳಿಸಿದರೆ ನೀನು ಗಿರಾಕಿಗೆ ಚಿಲ್ಲರೆ ಎಣಿಸುತ್ತಾ ಓದಿ, ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಮುಗಿಸುತ್ತೀ. ಈ ವಿಷಯಕ್ಕೆ ಹೆಬ್ಬೆರಳು ಸಾಲದು. ರಜೆಯಲ್ಲಿ ಬಂದ ಹನೀಫಾಕ ಶನಿವಾರ ದಮಾಮಿಗೆ ವಾಪಸ್ ಹೊರಟಿದ್ದಾರೆ. ಉಮ್ಮ ಕಟ್ಟಿದ ಹಲಸಿನ ಹಪ್ಪಳ, ಸಿಗಡಿ ಚಟ್ನಿಪುಡಿಯ ಜೊತೆ ಇದನ್ನೂ ಸೇರಿಸಿ ಕೊಡುತ್ತೇನೆ. ಕಟ್ಟು ಬಿಚ್ಚಿದ ಮೇಲೆ ಮೊದಲು ಇದನ್ನು ಓದು, ಆಮೇಲೆ ಹಪ್ಪಳ.

ಉಮ್ಮ ಚೆನ್ನಾಗಿದ್ದಾಳೆ, ಮೊಣಕಾಲಿನ ನೋವು ಹಾಗೆಯೇ ಇದೆ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುತ್ತೀಯೋ ಇಲ್ಲವೋ. ಬೆಳಗ್ಗೆ ಉಪ್ಪನ ಕೈಗೆ ಎಣ್ಣೆ ಹಚ್ಚಿ, ಭುಜದಿಂದ ಬೆರಳಿನ ತನಕ ಮಡಚಿ ಬಿಡಿಸಿ, ವೇಣೂರಿನ ಮೇಲಾಗಿ ಹೋಗುವ ಬಸ್ಸಿನಲ್ಲಿ ನಿಂತುಕೊಂಡು ಮೂಡುಬಿದಿರೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮಿಜಾರಿನ ಕಾಲೇಜಿನ ಕಚೇರಿ. ಸಂಜೆ ಅದೇ ದಾರಿ, ಅದೇ ಎಣ್ಣೆ. ಮೊದಲು ಬಸ್ಸಿನಲ್ಲಿ ಓದುತ್ತಿದ್ದೆ. ಈಗ ಬ್ಯಾಗಿನಲ್ಲಿ ಕಿರುಪುಸ್ತಕಗಳಿರುತ್ತವೆ, ತೆರೆಯುವುದಿಲ್ಲ. ಕಂಬಿ ಹಿಡಿದು ನಿಂತಲ್ಲೇ ಕಣ್ಣು ಮುಚ್ಚುತ್ತದೆ. ಜಗತ್ತನ್ನು ಬದಲಾಯಿಸಬೇಕೆಂದು ಹೊರಟವರು ಎಷ್ಟು ಹೊತ್ತು ಮಲಗುತ್ತಿದ್ದರು ಎಂದು ಒಂದು ಪುಸ್ತಕದಲ್ಲೂ ಬರೆದಿಲ್ಲ ನೋಡು.

ನೀನು ಮೂರು ವರ್ಷಗಳಿಂದ ಊರಿಗೆ ಬಂದಿಲ್ಲ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಸ್ವಲ್ಪ ಹೇಳಿಯೇ ಮುಂದೆ ಹೋಗಬೇಕು. ನನ್ನ ಮದುವೆಯ ಮಾತು ಶುರುವಾದಾಗ ನಾನು ಹಾಕಿದ ಷರತ್ತುಗಳು ನಿನಗೆ ನೆನಪಿವೆ. ಹುಡುಗನ ಕಡೆಯವರಿಗೆ ಒಂದು ಪೈಸೆ ಕೊಡಕೂಡದು, ಮೈತುಂಬ ಬಂಗಾರ ಕೂಡದು, ಹಾಲ್ ಕೂಡದು. ಅಂಥ ಹುಡುಗ ಸಿಕ್ಕಿದರೆ ಆಯಿತು, ಇಲ್ಲದಿದ್ದರೆ ಹೀಗೆಯೇ ಇರುತ್ತೇನೆ ಎಂದಿದ್ದೆ. ನರಿಕೊಂಬಿನ ಅನ್ಸಾಫ್ ಸಿಕ್ಕಿದ. ಬಿ.ಸಿ. ರೋಡಿನ ಮೆಡಿಕಲ್ ಶಾಪಿನಲ್ಲಿ ಕೆಲಸ, ಮಾತು ಕಡಿಮೆ, ನನ್ನ ಷರತ್ತುಗಳನ್ನೆಲ್ಲ ಕೇಳಿ "ಊಟ ಆದ್ರೂ ಉಂಟಾ?" ಎಂದು ಮಾತ್ರ ಕೇಳಿದವನು. ಉಪ್ಪನೂ ಎಲ್ಲವನ್ನೂ ಒಪ್ಪಿಕೊಂಡರು. ಆಮೇಲೆ ಅವರು ಒಂದೇ ಒಂದು ಕೇಳಿದರು. "ನೀನು ಹೇಳಿದ್ದೆಲ್ಲ ಆಗಲಿ. ಒಂದು ನನಗೆ ಬಿಡು. ಅವನ ಕೈ ಹಿಡಿದು ನಿನ್ನನ್ನು ಕೊಡುವುದು ನಾನು. ಮಸೀದಿಯ ಖತೀಬರಿಗೆ ವಕಾಲತ್ತು ಕೊಡುವುದಿಲ್ಲ" ಎಂದರು. ನಮ್ಮಲ್ಲಿ ಎಷ್ಟೋ ತಂದೆಯರು ನಾಲಿಗೆ ತಡವರಿಸೀತು ಎಂದು ಹೆದರಿ, ಆ ಮಾತು ಹೇಳುವ ಅಧಿಕಾರವನ್ನು ಖತೀಬರಿಗೆ ಒಪ್ಪಿಸಿ, ಪಕ್ಕದಲ್ಲಿ ಅತಿಥಿಯ ಹಾಗೆ ಕೂರುತ್ತಾರಲ್ಲ, ಅದನ್ನು ನಾನೇ ಎಷ್ಟು ಬೈದಿದ್ದೆ. ಮಗಳನ್ನು ಕೊಡುವ ಮಾತನ್ನು ಬೇರೆಯವರ ಬಾಯಿಗೆ ಬಿಡುವವನು ಎಂಥ ತಂದೆ ಎಂದು ಒಂದು ಪುಸ್ತಕದಿಂದ ಓದಿಯೂ ಹೇಳಿದ್ದೆ. ಉಪ್ಪ ಅದನ್ನು ಹಿಡಿದುಕೊಂಡಿದ್ದರು.

ಮೇ ತಿಂಗಳಲ್ಲಿ ಅವರು ಮೋಟರ್ ಸುತ್ತುವ ತನ್ನ ವರ್ಕ್‌ಶಾಪಿನಲ್ಲಿ ಲಕ್ವ ಹೊಡೆದು ಬಿದ್ದರು. ಮಾತು ಒಂದು ವಾರದಲ್ಲಿ ಬಂತು, ಕಾಲು ಮಳೆಗಾಲದ ನಡುವೆ ಬಂತು, ಬಲಗೈ ಬರಲಿಲ್ಲ. ಫೋನಿನಲ್ಲಿ ನಾವು ನಿನಗೆ ತೋರಿಸುವುದು ಅವರ ಮುಖವನ್ನು ಮಾತ್ರ. ಆ ಕೈ ಮಡಿಲಲ್ಲಿ ಬೇರೆ ಯಾರೋ ಮರೆತುಹೋದ ವಸ್ತುವಿನ ಹಾಗೆ ಬಿದ್ದಿರುತ್ತದೆ. ಬೆಳ್ತಂಗಡಿಯಲ್ಲಿ ಅವರಿಗೆ ವ್ಯಾಯಾಮ ಹೇಳಿಕೊಡುವ ನವ್ಯಾ ಎಂಬವರು, ಸದ್ಯಕ್ಕೆ ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡಿ ಎಂದರು. ಉಪ್ಪ ತಲೆ ಅಲ್ಲಾಡಿಸಿದರು. "ಎಡಗೈಯ ಅನ್ನ ನನ್ನ ಗಂಟಲಲ್ಲಿ ಇಳಿಯುವುದಿಲ್ಲ ಡಾಕ್ಟ್ರೇ." ಅಂದಿನಿಂದ ಇಂದಿನ ತನಕ ಉಮ್ಮನೇ ತುತ್ತು ಕೊಡುವುದು. ಕಾಯಿಲೆಯವನಿಗೆ ಧರ್ಮದಲ್ಲಿ ವಿನಾಯಿತಿ ಉಂಟೆಂದು ನಾನು ಓದಿ ಹೇಳಿದೆ. ನಿಕಾಹಿನಲ್ಲಿ ಕೈ ಹಿಡಿಯುವುದು ಷರತ್ತಲ್ಲ, ಸಾಕ್ಷಿಗಳ ಮುಂದೆ ಮಾತು ಹೇಳಿದರೆ ಸಾಕು ಎಂದೂ ಇನ್ನೊಂದು ಪುಸ್ತಕ ತೆರೆದು ತೋರಿಸಿದೆ. ಉಪ್ಪ "ಮೊದಲಿನ ಪುಸ್ತಕ ಓದಿದ್ದೂ ನೀನೇ, ಈಗಿನದ್ದು ಓದುವುದೂ ನೀನೇ. ನನಗೆ ಒಂದು ಪುಸ್ತಕ ಸಾಕು ಮಗಳೇ" ಎಂದರು. ನಿಕಾಹಿಗೆ ತಾರೀಕು ಇಡುವುದು ತನ್ನ ಕೈ ಏಳುವಾಗ ಎಂದು ಅನ್ಸಾಫನ ಮನೆಗೂ ಹೇಳಿ ಕಳಿಸಿದರು.

ಆಗ ಬಂದದ್ದು ನಿನ್ನ ಆ ಆಟ. ನವ್ಯಾ ಕೊಟ್ಟ ಜೇಡಿಮಣ್ಣಿನ ಉಂಡೆ, ಬಟ್ಟೆ ಒಣಗಿಸುವ ಕ್ಲಿಪ್ಪು, ಇವನ್ನೆಲ್ಲ ಉಪ್ಪ ಮುಟ್ಟಲಿಲ್ಲ. ತನ್ನನ್ನು ಅಂಗನವಾಡಿಗೆ ಸೇರಿಸಿದ್ದೀರಿ ಎಂದು ಸಿಟ್ಟು ಮಾಡಿದರು. ಹಾಗಾದರೆ ಕಡ್ಡಿಯೋ ಪೆನ್ನೋ ಹಿಡಿದು ಗೆರೆ ಎಳೆಯುವಂಥದ್ದು ಏನಾದರೂ, ಅವರಿಗೆ ಆಸಕ್ತಿ ಬರುವಂಥದ್ದು ಮನೆಯಲ್ಲಿ ಉಂಟಾ ಎಂದು ನವ್ಯಾ ಕೇಳಿದರು. ಉಮ್ಮ ಅಲ್ಮೇರದಿಂದ ಹಳೆಯ ತಲೆದಿಂಬಿನ ಚೀಲದಲ್ಲಿ ಸುತ್ತಿಟ್ಟಿದ್ದ ನಿನ್ನ ನೀಲಿ ಗೇಮನ್ನು ತೆಗೆದಳು. ನೀನು ಮೊದಲ ಸಲ ರಜೆಯಲ್ಲಿ ಬರುವಾಗ ತಂದದ್ದು, ಪುಸ್ತಕದ ಹಾಗೆ ತೆರೆಯುವಂಥದ್ದು, ಮೇಲೊಂದು ಪರದೆ, ಕೆಳಗೊಂದು ಪರದೆ, ಬದಿಯಲ್ಲಿ ಸಿಕ್ಕಿಸಿದ ಪುಟ್ಟ ಕಡ್ಡಿ. ಚಾರ್ಜಿಗೆ ಹಾಕಿದರೆ ದೀಪ ಹೊತ್ತಿತು. ನಾನು ಒಪ್ಪಲಿಲ್ಲ. ಇಂಥ ಆಟಗಳು ಮನುಷ್ಯನ ಸಮಯವನ್ನು ಕದ್ದು ಕಂಪೆನಿಗೆ ಮಾರುತ್ತವೆ ಎಂದು ಮೂಡುಬಿದಿರೆಯಲ್ಲಿ ಒಂದು ಸಭೆಯಲ್ಲಿ ಮಾತಾಡಿ ಬಂದವಳು ನಾನು. ಅದರ ಕರಪತ್ರವನ್ನು ಬಸ್‌ಸ್ಟ್ಯಾಂಡಿನಲ್ಲಿ ನಾನೇ ಹಂಚಿದ್ದೆ. ಉಮ್ಮ ನನ್ನ ಮುಖ ನೋಡಿ, "ನಿನ್ನ ಉಪ್ಪನ ಹತ್ತಿರ ಕದಿಯಲು ಸಮಯ ಅಲ್ಲದೆ ಬೇರೆ ಎಂಥ ಉಂಟು ಈಗ? ಕದ್ದುಕೊಂಡು ಹೋಗಲಿ" ಎಂದಳು.

ಆ ದೋಣಿ ಆಟ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಮೇಲಿನ ಪರದೆಯಿಂದ ಕೆಂಪು, ಹಳದಿ, ಹಸಿರು ದೋಣಿಗಳು ಹೊಳೆಯಲ್ಲಿ ತೇಲಿ ಬರುತ್ತವೆ; ಕೆಳಗಿನ ಪರದೆಯ ಮೇಲೆ ಕಡ್ಡಿಯಿಂದ ಗೆರೆ ಎಳೆದರೆ ಗೆರೆ ಹಿಡಿದು ಸಾಗುತ್ತವೆ; ಕೆಂಪನ್ನು ಕೆಂಪು ಕಟ್ಟೆಗೆ, ಹಸಿರನ್ನು ಹಸಿರು ಕಟ್ಟೆಗೆ ಮುಟ್ಟಿಸಬೇಕು; ಎರಡು ಡಿಕ್ಕಿಯಾದರೆ ಒಂದು ಜೀವ ಹೋಯಿತು. ಹೋದ ಹಾಗೆ ದೋಣಿಗಳು ಹೆಚ್ಚುತ್ತವೆ, ನೀರಿನ ಸೆಳೆತ ಹೆಚ್ಚುತ್ತದೆ. ಗೆಲ್ಲುವುದು ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ಎಷ್ಟು ಹೊತ್ತು ಮುಳುಗದೆ ಉಳಿದೆ ಎಂಬುದಷ್ಟೇ ಲೆಕ್ಕ. ಇದನ್ನು ನೋಡಿ ನನಗೆ ಬಸ್ಸಿನ ದಾರಿ, ಎಣ್ಣೆ ಬಾಟಲಿ, ಕಚೇರಿಯ ಕಡತ ಎಲ್ಲ ನೆನಪಾಗಿ ಇನ್ನಷ್ಟು ಸುಸ್ತಾಯಿತು. ಉಪ್ಪನಿಗೆ ಮಾತ್ರ ಅದು ಹಿಡಿಯಿತು. ಹಿಂದಿನ ಜಗಲಿಯಲ್ಲಿ ಮಣೆಯ ಮೇಲೆ ಗೇಮು ಇಟ್ಟು, ಮಡಿಲಿಗೆ ಬೈರಾಸಿನ ಬಟ್ಟೆ ಹಾಕಿ ಕುಳಿತರೆ ಮಸೀದಿಯಲ್ಲಿ ಮಧ್ಯಾಹ್ನದ ಬಾಂಗು ಆಗುವ ತನಕ ಏಳುವುದಿಲ್ಲ. ಮೊದಲ ದಿನಗಳಲ್ಲಿ ದೋಣಿ ಒಡೆಯುವ ಸದ್ದು ಮಾತ್ರ ಕೇಳುತ್ತಿತ್ತು. ಒಂದು ದಿನ ನಾನು ಕಚೇರಿಯಲ್ಲಿರುವಾಗಲೇ ಉಮ್ಮ ಫೋನ್ ಮಾಡಿ, "ಮೂರು ಸಾವಿರ ಆಯಿತಂತೆ!" ಎಂದಳು. ಆಮೇಲೆ ಐದು, ಆಮೇಲೆ ಒಂಬತ್ತು. ಸಂಜೆ ನಾನು ಒಳಗೆ ಬರುವಾಗ ಅವರ ಬಲಗೈಯ ಮುಷ್ಟಿಯಲ್ಲಿ ಕಡ್ಡಿ ಇರುತ್ತಿತ್ತು, ಬೆವರಿರುತ್ತಿದ್ದರು. ಆಟದ ಅಂಕಗಳ ಪಟ್ಟಿಯಲ್ಲಿ ಮೇಲಿಂದ ಕೆಳಗಿನ ತನಕ ಎ, ಝಡ್, ಎಂ ಎಂದು ನಿನ್ನ ಹೆಸರಿನ ಮೂರು ಅಕ್ಷರ. ಉಪ್ಪನ ಹೊಸ ಲೆಕ್ಕಗಳೂ ಅದೇ ಹೆಸರಿನಲ್ಲಿವೆ. ಬದಲಾಯಿಸಿ ಕೊಡಲಾ ಎಂದು ಕೇಳಿದರೆ, "ಅವನ ಗೇಮು, ಅವನ ಹೆಸರು. ನಾನು ಬಾಡಿಗೆಗೆ ಇರುವವನು" ಎಂದರು.

ನಮ್ಮ ಮನೆಗೆ ಸಂತೋಷ ಬಂದು ಎಷ್ಟೋ ಕಾಲವಾಗಿತ್ತು ಕಾಕ. ಲೆಕ್ಕ ಏರಿದ ಹಾಗೆ ಉಮ್ಮ ನೆರೆಯವರಿಗೆ ಹೇಳುತ್ತಾ ಬಂದಳು. ಉಪ್ಪ ಅರ್ಧ ಸುತ್ತಿ ಬಿಟ್ಟ ತನ್ನ ಪಂಪಿನ ಮೋಟರನ್ನು ಬೇರೆ ಕಡೆಗೆ ಒಯ್ಯದೆ ಕಾಯುತ್ತಿರುವ ಧರ್ಣಪ್ಪಣ್ಣ ಹೊತ್ತು ಹೋಗದಾಗಲೆಲ್ಲ ಬಂದು ಜಗಲಿಯಲ್ಲಿ ಕೂರತೊಡಗಿದರು. "ಇದಿನಬ್ಬಣ್ಣ, ಹಳದಿ ಬಂತು ಹಳದಿ, ಹೋಯ್, ಬಿಡಬೇಡಿ" ಎಂದು ಅವರು ಉಪ್ಪನನ್ನು ಕರೆದು ಬೊಬ್ಬೆ ಹೊಡೆಯುವುದು ರಸ್ತೆಯ ತನಕ ಕೇಳುತ್ತಿತ್ತಂತೆ. ಬೆಳ್ತಂಗಡಿಗೆ ಕರೆದುಕೊಂಡು ಹೋದಾಗ ನವ್ಯಾ ಉಪ್ಪನ ಬೆರಳು ಬಿಡಿಸಿ ನೋಡಿ, ಬದಲಾವಣೆ ಕಾಣುವುದಿಲ್ಲವಲ್ಲ ಎಂದರು. ನಾನು ಅವರೊಡನೆ ವಾದ ಮಾಡಿದೆ. ಬರೆದಿಟ್ಟುಕೊಂಡ ಲೆಕ್ಕವನ್ನು ಮೊಬೈಲಿನಲ್ಲಿ ತೋರಿಸಿದೆ. ಇಲ್ಲಿ ಹೊಸಬರ ಮುಂದೆ ಅವರಿಗೆ ಸಂಕೋಚ, ಮನೆಯಲ್ಲಿ ನೋಡಬೇಕು ನೀವು ಎಂದೆ. ಅವರು, ಹಾಗಾದರೆ ಮುಂದುವರಿಸಿ ಎಂದರು. ಅಕ್ಟೋಬರಿನಲ್ಲಿ ಉಪ್ಪ ನಿನ್ನ ಹಳೆಯ ದಾಖಲೆಯಾದ ನಲವತ್ತು ಸಾವಿರವನ್ನು ದಾಟಿದರು. ಮರುದಿನವೇ ಉಮ್ಮ ಅನ್ಸಾಫನ ಮನೆಗೆ ಫೋನ್ ಮಾಡಿ ಉಪ್ಪನ ಕೈ ಏಳತೊಡಗಿತು ಎಂದು ಹೇಳಿದಳು. ತಾರೀಕು ಇಟ್ಟರು. ಡಿಸೆಂಬರ್ ಎಂಟು, ಭಾನುವಾರ. ನಿನಗೂ ಹೇಳಿದೆವು. ರಂಝಾನಿನ ವ್ಯಾಪಾರ ಮುಗಿಯದೆ ರಜೆ ಇಲ್ಲ, ಪೆರ್ನಾಲ್ ಹಬ್ಬ ಕಳೆದು ಏಪ್ರಿಲಿನಲ್ಲಿ ಮಾತ್ರ, ನನ್ನನ್ನು ಕಾಯಬೇಡಿ, ಮಾಡಿ ಮುಗಿಸಿ ಎಂದು ನೀನು ಹೇಳಿದ್ದಿ.

ಈಗ ಸೋಮವಾರದ ವಿಷಯಕ್ಕೆ ಬರುತ್ತೇನೆ. ಸಂಜೆ ಗುರುವಾಯನಕೆರೆಯಲ್ಲಿ ಬಸ್ಸಿಳಿದಾಗ ಧರ್ಣಪ್ಪಣ್ಣ ಸಿಕ್ಕಿದರು. ಕೈಯಲ್ಲಿದ್ದ ಹಿಂಡಿಯ ಚೀಲವನ್ನು ಕೆಳಗಿಟ್ಟು, ನನ್ನನ್ನು ನಿಲ್ಲಿಸಿ, ಬಹಳ ಹೆಮ್ಮೆಯಿಂದ ಹೇಳಿದರು. "ಏನು ಎಡಗೈ ಮಾರಾಯ್ತಿ ನಿನ್ನ ಅಪ್ಪನದ್ದು! ಒಳ್ಳೆ ಕೈ ಇರುವವರಿಗೆ ಆಗ್ಲಿಕ್ಕಿಲ್ಲ ಹಾಗೆ ಎಳೀಲಿಕ್ಕೆ. ಇವತ್ತು ನಲವತ್ತಾರು ಸಾವಿರ!" ಎಡಗೈಯಾ ಎಂದು ಕೇಳಿದೆ. "ಮತ್ತೆ? ಬಲಗೈ ಎಲ್ಲಿ ಏಳ್ತದೆ ಪಾಪ ಅವರಿಗೆ. ನಿನ್ನ ಚಪ್ಪಲಿ ಶಬ್ದವೋ ಒಳಗಿಂದ ನಿನ್ನ ಅಮ್ಮನ ಹೆಜ್ಜೆಯೋ ಕೇಳಿದ್ರೆ ಕಡ್ಡಿಯನ್ನು ಆ ಮುಷ್ಟಿಗೆ ತುರುಕಿಸಿ ಇಡ್ತಾರೆ. ಯಾಕೆ ಅಂತ ನಾನು ಕೇಳ್ಳಿಲ್ಲ, ನಿಮ್ಮ ಮನೆಯ ತಮಾಷೆ ಅಂತ ತಿಳ್ಕೊಂಡೆ." ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕಾಣಲು ಕಾರಣವೂ ಇಲ್ಲ. ನಾವು ಮಾತ್ರ, ಆರು ತಿಂಗಳು ಎಡಗೈಯಿಂದ ಒಂದು ತುತ್ತು ಬಾಯಿಗೆ ಹಾಕದ ಮನುಷ್ಯನನ್ನು ನೋಡಿಕೊಂಡು, ಅವರು ಎಡಗೈಯಲ್ಲಿ ಇನ್ನೇನಾದರೂ ಮಾಡಿಯಾರು ಎಂದು ಯೋಚಿಸಿಯೇ ಇರಲಿಲ್ಲ. ಮೋಟರಿನ ಸುರುಳಿ ಸುತ್ತುವಾಗ ಉಪ್ಪನ ಬಲಗೈ ಹಿಡಿಕೆ ತಿರುಗಿಸುತ್ತಿತ್ತು, ಅಷ್ಟೇ. ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಒಂದರ ಪಕ್ಕ ಒಂದು ಕೂರಿಸುತ್ತಿದ್ದದ್ದು ಎಡಗೈ. ಚಿಕ್ಕಂದಿನಿಂದ ನೋಡಿದ್ದೇವೆ ನಾವಿಬ್ಬರೂ. ನನಗೆ ಒಮ್ಮೆಯೂ ಹೊಳೆಯಲಿಲ್ಲ. ಎಣ್ಣೆ ಹಚ್ಚುವಾಗ ಬಲಗೈ ಹಾಗೆಯೇ ಬಿದ್ದಿರುತ್ತಿದ್ದರೂ, ಆಡಿ ಸೋತಿರಬೇಕು ಎಂದು ನಾನೇ ಹೇಳಿಕೊಳ್ಳುತ್ತಿದ್ದೆ.

ಮನೆಗೆ ಹೋಗಿ ಚಪ್ಪಲಿ ಹೊರಗೇ ಬಿಟ್ಟು ಹಿಂದಿನಿಂದ ಬಂದು ನೋಡಿದೆ. ಎಡಗೈಯ ಬೆರಳುಗಳು ಕಡ್ಡಿ ಹಿಡಿದು ಪರದೆಯ ಮೇಲೆ ಓಡುತ್ತಿದ್ದವು, ಎಷ್ಟು ಹಗುರ, ಎಷ್ಟು ಚೆಂದ. ಬಲಗೈ ಬೈರಾಸಿನ ಅಡಿಯಲ್ಲಿತ್ತು. ಉಪ್ಪ ನನ್ನನ್ನು ಕಂಡು ಕಡ್ಡಿ ಬದಲಿಸಲು ಹೊರಟು, ಅರ್ಧದಲ್ಲಿ ಬಿಟ್ಟರು. ದೋಣಿಗಳು ಒಂದಕ್ಕೊಂದು ಬಡಿದು ಆಟ ಮುಗಿಯಿತು. ನಾನು ಬೊಬ್ಬೆ ಹೊಡೆದೆ ಕಾಕ. ಎಡಗೈಯಲ್ಲಿ ತಿನ್ನಲಾಗುವುದಿಲ್ಲ, ಆಡಲು ಆಗುತ್ತದಾ ಎಂದು ಕೇಳಿದೆ. "ಆಟ ಅನ್ನವಾ?" ಎಂದರು, ಮೆಲ್ಲಗೆ. ಆಮೇಲೆ ಹೇಳಿದರು. "ಬಲಗೈಯಲ್ಲಿ ಒಂದು ದೋಣಿಯೂ ದಡ ಮುಟ್ಟಲಿಲ್ಲ. ಎಷ್ಟು ದಿನ ಒಡೆದೆ ಗೊತ್ತುಂಟಾ? ಒಂದು ದಿನ ಸಿಟ್ಟಿನಲ್ಲಿ ಈ ಕೈಯಲ್ಲಿ ಎಳೆದೆ. ಮೂರು ಸಾವಿರ ಅಂದೆ. ನಿನ್ನ ಉಮ್ಮ ಒಳಗಿಂದ ನಕ್ಕಳು. ನಾನು ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಮರುದಿನ ಸೊನ್ನೆ ಅಂತ ಹೇಗೆ ಹೇಳುವುದು?" ಉಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಉಪ್ಪನ ಗಂಜಿಯ ಬಟ್ಟಲು. ಅವಳು ಬಂದು ಕುಳಿತು ತುತ್ತು ಕೊಡಲು ಶುರು ಮಾಡಿದಳು. ಉಪ್ಪ ಬಾಯಿ ತೆರೆದರು. ನನ್ನ ಸಿಟ್ಟನ್ನು ಎಲ್ಲಿ ಇಡುವುದೆಂದು ನನಗೆ ತಿಳಿಯಲಿಲ್ಲ.

ಗಂಜಿ ಮುಗಿದ ಮೇಲೆ ನಾನು ಲೆಕ್ಕಾಚಾರಕ್ಕೆ ಕುಳಿತೆ, ನನ್ನ ಅಭ್ಯಾಸ ನಿನಗೆ ಗೊತ್ತು. ಕೈ ಮಡಿಲಲ್ಲೇ ಇರಲಿ, ಅನ್ಸಾಫ್ ಬಗ್ಗಿ ಅಲ್ಲೇ ಹಿಡಿದುಕೊಳ್ಳಲಿ, ನೀವು ಮಾತು ಹೇಳಿ, ಯಾರು ನೋಡುತ್ತಾರೆ ಎಂದೆ. ಉಪ್ಪ ಹೇಳಿದರು, "ಕೊಡುವ ಕೈ ಮೇಲೆ ಬರಬೇಕು. ಬಿದ್ದದ್ದನ್ನು ಹೆಕ್ಕಿದ ಹಾಗೆ ಅವನು ನನ್ನ ಮಡಿಲಿಂದ ಹೆಕ್ಕಬಾರದು." ಹಾಗಾದರೆ ಪಕ್ಕದಲ್ಲಿ ಹನೀಫಾಕನ ತಮ್ಮನೋ ಖತೀಬರೋ ಕುಳಿತು ಕೈಯನ್ನು ಎತ್ತಿ ಹಿಡಿಯಲಿ ಎಂದೆ. "ಊರವರಿಂದ ಎತ್ತಿಸಿ ಕೊಡುವಷ್ಟು ನೀನು ನನಗೆ ಭಾರವಾ?" ಎಂದರು. ನಾನು ಹಿಡಿಯುತ್ತೇನೆ ಎಂದೆ. ಆರು ತಿಂಗಳು ಬೆಳಗ್ಗೆ ಸಂಜೆ ಆ ಕೈಯನ್ನು ಎತ್ತಿದವಳು ನಾನು. ಅದರ ಭಾರ ಎಷ್ಟು, ಯಾವ ಎತ್ತರದಲ್ಲಿ ಭುಜ ನೋಯುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ತಿಳಿಯದು. ಆದರೆ ಗಂಡಸರು ಕುಳಿತ ಆ ನಿಕಾಹಿನ ಚಾಪೆಯ ಮೇಲೆ, ಆ ಒಂದು ಗಳಿಗೆಯಲ್ಲಿ, ನನಗೆ ಮಾತ್ರ ಜಾಗ ಇಲ್ಲ. ಇದು ಯಾವ ನ್ಯಾಯ ಎಂದು ಕೇಳಿದೆ. ಉಪ್ಪ ಅಷ್ಟು ಹೊತ್ತಿನ ನಂತರ ನಕ್ಕರು. "ಕೊಡುವ ಕೈಯನ್ನು ಹೆಣ್ಣೇ ಎತ್ತಿ ಮುಂದೆ ದೂಡಿದರೆ, ಅವಸರ ಹುಡುಗಿಗೇ ಇತ್ತು ಅಂತ ಜನ ಹೇಳ್ತಾರೆ ಮಾರಾಯ್ತಿ." ನನಗೂ ನಗು ಬಂತು, ಅಳುವೂ ಬಂತು. ಆಮೇಲೆ ಗೇಮನ್ನು ಮುಚ್ಚಿ, ಕಡ್ಡಿಯನ್ನು ಅದರ ಜಾಗಕ್ಕೆ ಸಿಕ್ಕಿಸಿ, ಗೋಡೆಯ ಕಡೆ ನೋಡಿಕೊಂಡು ಹೇಳಿದರು. "ಖತೀಬರಿಗೆ ಹೇಳು. ವಕಾಲತ್ತು ಕೊಡ್ತೇನೆ. ಧರ್ಮದಲ್ಲಿ ಅವಕಾಶ ಉಂಟಲ್ಲ."

ಧರ್ಮದಲ್ಲಿ ಅವಕಾಶ ಉಂಟು ಎಂದು ಅವರಿಗೆ ಎಷ್ಟು ತಿಂಗಳು ಹೇಳಿದವಳು ನಾನೇ. ಗೆದ್ದೆನಲ್ಲ, ಈಗ ಸಮಾಧಾನವಾಗಬೇಕಿತ್ತು. ಅವತ್ತು ರಾತ್ರಿ ನನಗೆ ಅನ್ನ ಸೇರಲಿಲ್ಲ. ಬೇಡದ ಆಚಾರಗಳನ್ನೆಲ್ಲ ಕಿತ್ತುಹಾಕಬೇಕು ಎಂದು ನಂಬಿದವಳು ನಾನು, ಈಗಲೂ ನಂಬುತ್ತೇನೆ. ಬಂಗಾರದ ವಿಷಯದಲ್ಲಿ ಯಾರು ಬಂದರೂ ಒಂದು ಗ್ರಾಂ ಬಿಟ್ಟುಕೊಡುವುದಿಲ್ಲ. ಆದರೆ ಯಾವುದು ಆಚಾರ, ಯಾವುದು ಒಬ್ಬ ಮನುಷ್ಯ ತನಗಾಗಿ ಉಳಿಸಿಕೊಂಡ ಒಂದೇ ಒಂದು ಕೆಲಸ ಎಂದು ಪುಸ್ತಕ ಬರೆದವರು ನಮ್ಮ ಜಗಲಿಗೆ ಬಂದು ನೋಡಿಲ್ಲ. ಮಂಗಳವಾರದಿಂದ ಉಪ್ಪ ಗೇಮು ತೆರೆದಿಲ್ಲ. ಜಗಲಿಯಲ್ಲಿ ಸುಮ್ಮನೆ ಕೂರುತ್ತಾರೆ. ಧರ್ಣಪ್ಪಣ್ಣ ಬಂದು, "ಇವತ್ತು ಹೊಳೆ ಬತ್ತಿತಾ?" ಎಂದು ಕೇಳಿ, ಮುಚ್ಚಿದ ಗೇಮನ್ನು ನೋಡಿ, ತನ್ನಿಂದ ಏನೋ ಆಯಿತು ಎಂದು ಗೊತ್ತಾಗಿ ಮೆಲ್ಲಗೆ ಎದ್ದು ಹೋದರಂತೆ. ನನಗೆ ಬಹಳ ಸುಸ್ತಾಗಿದೆ ಕಾಕ. ಬರೆದು ಬರೆದು ಕೈಯೂ ಸೋತಿತು, ಅಕ್ಷರ ಓದಲು ಕಷ್ಟವಾದರೆ ಕ್ಷಮಿಸು.

ಉಮ್ಮ ನಿನಗೆ ಸಲಾಂ ಹೇಳಿದ್ದಾಳೆ. ಹಪ್ಪಳವನ್ನು ಕೋಣೆಯ ಜೊತೆಗಾರರಿಗೆಲ್ಲ ಹಂಚಿ ಮುಗಿಸಬೇಡ ಎಂದಿದ್ದಾಳೆ. ಉಪ್ಪನ ಸಲಾಂ ಯಾವಾಗಲೂ ಇರುವುದೇ. ಹೊತ್ತಿಗೆ ಸರಿಯಾಗಿ ನಮಾಝ್ ಮಾಡು, ಬೆನ್ನು ನೋಡಿಕೋ. ಅಲ್ಲಾಹನು ನಿನ್ನನ್ನು ಪರದೇಶದಲ್ಲಿ ಕಾಪಾಡಲಿ, ನಿನ್ನ ದುಡಿಮೆಯಲ್ಲಿ ಬರಕತ್ ಕೊಡಲಿ, ನಮ್ಮ ಕಣ್ಣಿಗೆ ನಿನ್ನನ್ನು ಬೇಗ ತೋರಿಸಲಿ.

ನಿನ್ನ ತಂಗಿ
ಫಾಯಿಝಾ

ಮರೆತ ಮಾತು, ಶುಕ್ರವಾರ ಸಂಜೆ: ಮೇಲಿನದ್ದನ್ನು ನಿನ್ನೆಯೇ ಮಡಚಿಟ್ಟಿದ್ದೆ. ಹನೀಫಾಕ ಗೇಟಿನಲ್ಲಿ ಬೈಕು ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾರೆ, ಅದಕ್ಕೆ ಚುಟುಕಾಗಿ ಬರೆಯುತ್ತೇನೆ. ಡಿಸೆಂಬರಿನಲ್ಲಿ ನಿಕಾಹ್ ಇಲ್ಲ. ಮಧ್ಯಾಹ್ನ ನಾನೇ ಅನ್ಸಾಫನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನನಗೆ ತಾರೀಕಿನ ಹಟ ಇಲ್ಲ. ಆದರೆ ನಮ್ಮಲ್ಲಿ ಎಲ್ಲ ನಿರ್ಧರಿಸುವ ನನ್ನ ಸೋದರಮಾವನಿಗೆ ನೀನೇ ಹೇಳ್ಬೇಕು, ನನಗೆ ಹೆದರಿಕೆ ಉಂಟು" ಎಂದ. ಅವನ ಸೋದರಮಾವನಿಗೂ ಹೇಳಿದೆ. ಹೆಣ್ಣೇ ಫೋನ್ ಮಾಡಿ ನಿಕಾಹ್ ಮುಂದೆ ಹಾಕುವುದನ್ನು ನಾನು ಕೇಳಿದ್ದಿಲ್ಲ ಎಂದರು. ಈಗ ಕೇಳಿದಿರಲ್ಲ ಎಂದೆ. ಯೋಚಿಸಿ ಹೇಳುತ್ತೇವೆ ಎಂದು ಇಟ್ಟರು. ಯೋಚಿಸಲಿ. ಖತೀಬರಿಗೆ ನಾನು ಏನೂ ಹೇಳಿಲ್ಲ. ನೀನು ಏಪ್ರಿಲಿನಲ್ಲಿ ಬರುತ್ತೀ, ಆಗಲೇ ನಿಕಾಹ್. ಬರುವಾಗ ಏನೂ ತರಬೇಡ, ಬಂಗಾರ ತಂದರೆ ಗೇಟಿನಿಂದಲೇ ವಾಪಸ್ ಕಳಿಸುತ್ತೇನೆ. ಉಪ್ಪನಿಗೆ ಊರವರ ಕೈ ಬೇಡ. ಆದರೆ ಮಗನ ಕೈ ಬೇಡ ಎಂದು ಅವರು ಹೇಳಿಲ್ಲ. ನಿನ್ನ ಹೆಸರನ್ನು ಬಾಯಿಗೆ ತಂದರೆ ನೀನು ಕೆಲಸ ಬಿಟ್ಟು ಬಂದುಬಿಡುತ್ತೀ ಎಂದು ಹೆದರಿ ಸುಮ್ಮನಿದ್ದಾರೆ. ಚಾಪೆಯ ಮೇಲೆ ಅವರ ಬಲಬದಿಯಲ್ಲಿ ಕೂತು, ಮೊಣಕೈಯ ಅಡಿಗೆ ನಿನ್ನ ಅಂಗೈ ಕೊಟ್ಟು, ಎದೆಯ ಮಟ್ಟಕ್ಕೆ ಎತ್ತಬೇಕು. ಅದಕ್ಕಿಂತ ಮೇಲೆ ಹೋದರೆ ಭುಜ ನೋಯುತ್ತದೆ. ಇವತ್ತಿನಿಂದಲೇ ಅಭ್ಯಾಸ ಮಾಡು. ನಿಮ್ಮ ಅಂಗಡಿಯ ಎರಡು ಕಿಲೋ ಸಕ್ಕರೆಯ ಪೊಟ್ಟಣವನ್ನು ಅಂಗೈಯಲ್ಲಿಟ್ಟು, ಖತೀಬರು ಹೇಳಿಕೊಡುವ ಮಾತನ್ನು ಉಪ್ಪ ನಿಧಾನವಾಗಿ ಹೇಳಿ ಮುಗಿಸುವಷ್ಟು ಹೊತ್ತು ಅಲುಗಾಡದೆ ಹಿಡಿ. ಅಷ್ಟು ಭಾರ ಉಂಟು ಅದು.